ಜೋಡಿ ಕಟ್ಟುವಾಗ ಅಪ್ಪನ ಹೆಸರು

ನನ್ನ ಮೊದಲ ಬಯಲು ಕುಸ್ತಿಗೆ ಜೋಡಿ ಕಟ್ಟಿದ್ದು ನನ್ನನ್ನು ನೋಡಿ ಅಲ್ಲ, ಅಪ್ಪನನ್ನು ನೋಡಿ. 2007ರ ಬೇಸಿಗೆ, ಕುಣಿಗಲ್ ಕಡೆಯ ಒಂದು ಊರಿನ ಜಾತ್ರೆ. ನನಗೆ ಹದಿನಾಲ್ಕು ವರ್ಷ, ಐವತ್ತು ಕೆ.ಜಿ. ಕೂಡ ತುಂಬಿರಲಿಲ್ಲ. ನಾಡಕುಸ್ತಿಯಲ್ಲಿ ಹಿರಿಯರ ಕಣ್ಣೇ ತಕ್ಕಡಿ. ಇಬ್ಬರು ಹುಡುಗರನ್ನು ಎದುರೆದುರು ನಿಲ್ಲಿಸುತ್ತಾರೆ, ಭುಜ ನೋಡುತ್ತಾರೆ, ತೊಡೆ ನೋಡುತ್ತಾರೆ, ಎಷ್ಟು ವರ್ಷದಿಂದ ಸಾಮು ಮಾಡುತ್ತಿದ್ದಾನೆ, ಹಿಂದೆ ಯಾರೊಂದಿಗೆ ಹಿಡಿದಿದ್ದ ಎಂದು ವಿಚಾರಿಸುತ್ತಾರೆ, ಆಮೇಲೆ ಕೈಗೆ ಕೈ ಕೊಡಿಸಿ ‘ಈ ಜೋಡಿ ಸರಿ’ ಎನ್ನುತ್ತಾರೆ. ನನ್ನ ಸರದಿ ಬಂದಾಗ ಯಾರೂ ಭುಜ ನೋಡಲಿಲ್ಲ. “ಇವನು ಪೈಲ್ವಾನರ ಮಗ, ಇವನಿಗೆ ದೊಡ್ಡ ಜೋಡಿಯೇ ಆಗಬೇಕು” ಎಂದು ಮೀಸೆ ಮೂಡಿದ್ದ ಹುಡುಗನೊಬ್ಬನ ಕೈಗೆ ನನ್ನ ಕೈ ಕೊಟ್ಟರು. ಧ್ವನಿವರ್ಧಕದಲ್ಲಿ ನನ್ನ ಹೆಸರು ಬರಲೇ ಇಲ್ಲ. ಅಪ್ಪನ ಹೆಸರು ಹೇಳಿ, ‘ಅವರ ಸುಪುತ್ರ’ ಎಂದು ಕೂಗಿದರು.

ಎರಡು ನಿಮಿಷವೂ ಆಗಲಿಲ್ಲ, ನನ್ನ ಬೆನ್ನು ಮಣ್ಣಾಯಿತು. ಸುತ್ತ ನಿಂತಿದ್ದ ಜನ ‘ಅಯ್ಯೋ’ ಎಂದರು. ಆ ‘ಅಯ್ಯೋ’ ನನಗಲ್ಲ, ಅಪ್ಪನಿಗೆ ಎಂದು ಆ ವಯಸ್ಸಿಗೇ ತಿಳಿಯಿತು.

ತುಮಕೂರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತಿದ್ದ. ಹೆಬ್ಬೂರು ದಾಟುವವರೆಗೂ ಮಾತಿಲ್ಲ. ಆಮೇಲೆ ಒಂದೇ ಪ್ರಶ್ನೆ: “ಅವನು ಸೊಂಟಕ್ಕೆ ಕೈ ಹಾಕಿದಾಗ ನಿನ್ನ ಬಲಗಾಲು ಎಲ್ಲಿತ್ತು?” ನನಗೆ ಗೊತ್ತಿರಲಿಲ್ಲ. “ಅದನ್ನು ನೆನಪು ಮಾಡಿಕೋ” ಎಂದು ಮತ್ತೆ ಕಿಟಕಿಯ ಕಡೆ ತಿರುಗಿದ. ಸೋತದ್ದಕ್ಕೆ ಬೈಯಲಿಲ್ಲ. ಆ ಜೋಡಿ ಕಟ್ಟುವಾಗ ಪಕ್ಕದಲ್ಲೇ ನಿಂತಿದ್ದೂ ಯಾಕೆ ತಡೆಯಲಿಲ್ಲ ಎಂದು ನಾನು ಕೇಳಿದ್ದು ಹತ್ತು ವರ್ಷಗಳ ನಂತರ. “ನಾನು ಬೇಡ ಎಂದಿದ್ದರೆ ಪೈಲ್ವಾನ ಮಗನನ್ನು ಉಳಿಸಿಕೊಂಡ ಎನ್ನುತ್ತಿದ್ದರು. ಆ ಮಾತು ನಿನ್ನ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಸೋಲು ತೊಳೆದುಹೋಗುತ್ತದೆ” ಎಂದ. ಅವನ ಮಾತಿನ ತೂಕ ನನಗೆ ಗೊತ್ತು. ಆದರೂ ಅಂದು ಅವನು ತಡೆಯಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಎಳೆಯ ಕುತ್ತಿಗೆಗೆ ಆಗುವ ಪೆಟ್ಟು ಮಾತಿಗಿಂತ ದೊಡ್ಡದು.

ಅಪ್ಪ ಮಂಡಿಪೇಟೆಯಲ್ಲಿ ಹಮಾಲಿ. ಹಗಲೆಲ್ಲ ಕ್ವಿಂಟಾಲ್ ತೂಕದ ಮೂಟೆಗಳನ್ನು ಲಾರಿಯಿಂದ ಇಳಿಸಿ ಗೋದಾಮಿಗೆ ಸೇರಿಸುವುದು, ಬೆಳಗ್ಗೆ ಮತ್ತು ಸಂಜೆ ಗರಡಿ. ಅವನಿಗೆ ಕುಸ್ತಿ ಕಲಿಸಿದ ಉಸ್ತಾದರೂ ಮಂಡಿಯಲ್ಲೇ ಮೂಟೆ ಹೊತ್ತವರು. ಮೂಟೆ ಎತ್ತುವವನ ಸೊಂಟ ಬೇರೆಯೇ ಆಗಿರುತ್ತದೆ. ಬಗ್ಗಿದರೂ ಬೆನ್ನು ಬಿಲ್ಲಾಗುವುದಿಲ್ಲ. ಅಪ್ಪನ ಧೋಬಿ ಪಟ್ಟಿಗೆ ಹೆಸರಿದ್ದುದು ಅದೇ ಕಾರಣಕ್ಕೆ. ಎದುರಾಳಿಯ ತೋಳನ್ನು ಹೆಗಲ ಮೇಲೆ ಎಳೆದುಕೊಂಡು, ಅಗಸ ಬಟ್ಟೆಯನ್ನು ಕಲ್ಲಿಗೆ ಬೀಸಿದಂತೆ ಮುಂದಕ್ಕೆ ಎಸೆಯುವ ಪಟ್ಟು ಅದು. ನೋಡಿದವರಿಗೆ ತೋಳಿನ ಬಲ ಎನ್ನಿಸುತ್ತದೆ. ಕೆಲಸ ಮಾಡುವುದು ಸೊಂಟ ಮತ್ತು ಸರಿಯಾದ ಗಳಿಗೆಗೆ ಒಳಕ್ಕೆ ತಿರುಗುವ ಪಾದ.

ನಮ್ಮ ಗರಡಿಯ ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಎದುರಿಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆ, ಬೀಸಿ ತಿರುಗಿಸುವ ಮರದ ಕರಲಾಕಟ್ಟೆ, ಮೂಲೆಯಲ್ಲಿ ಕಲ್ಲುಗುಂಡು, ನಡುವೆ ಮಟ್ಟಿ, ಅಂದರೆ ಕುಸ್ತಿ ಹಿಡಿಯುವ ಮಣ್ಣಿನ ಕಣ. ಹತ್ತನೇ ವಯಸ್ಸಿನಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಸೇರಿಸಿದ. ಪೂರ್ತಿ ಒಂದು ವರ್ಷ ಒಂದು ಪಟ್ಟನ್ನೂ ಕಲಿಸಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮಟ್ಟಿ ಅಗೆಯುವುದು, ಅಷ್ಟೇ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ, ಕರ್ಪೂರದ ಪುಡಿ ಬೆರೆಸಿ ಹದ ಮಾಡುತ್ತಿದ್ದೆವು. ಒಂದು ದಿನ ಅಗೆಯದೆ ಬಿಟ್ಟರೂ ಮಣ್ಣು ಬಿಗಿಯುತ್ತದೆ, ಬಿದ್ದವನ ಮೊಣಕೈ ಕಿತ್ತುಬರುತ್ತದೆ. ಗುದ್ದಲಿ ಹಿಡಿದು ಹಿಡಿದು ನನ್ನ ಮುಂಗೈ ಗಟ್ಟಿಯಾದದ್ದು, ಸೊಂಟ ಮಣಿದದ್ದು ಆ ವರ್ಷವೇ. ಈಗ ನನ್ನ ಬಳಿ ಬರುವ ಹುಡುಗರಿಗೂ ಮೊದಲು ಗುದ್ದಲಿ ಕೊಡುತ್ತೇನೆ. ಒಂದು ವರ್ಷವಲ್ಲ, ಒಂದು ತಿಂಗಳು. ಅದಕ್ಕಿಂತ ಹೆಚ್ಚು ಕಾಯಿಸಿದರೆ ಮನೆಯವರು ಟ್ಯೂಷನ್‌ಗೆ ಹಾಕುತ್ತಾರೆ.

ಆಮೇಲೆ ದಂಡ, ಬಸ್ಕಿ. ಐವತ್ತರಿಂದ ಆರಂಭಿಸಿ ಐನೂರರವರೆಗೆ ಏರಿಸಲು ಮೂರು ವರ್ಷ ಹಿಡಿಯಿತು. ಊಟ ಎಲ್ಲರ ಮನೆಯದೇ: ರಾಗಿ ಮುದ್ದೆ, ಹುರುಳಿ ಸಾರು, ವಾರಕ್ಕೊಮ್ಮೆ ಕಾಲು ಸೂಪು. ದುಬಾರಿಯಾಗಿದ್ದು ಬಾದಾಮಿ, ಹಾಲು, ತುಪ್ಪ. ಅಮ್ಮ ರಾತ್ರಿ ಬಾದಾಮಿ ಎಣಿಸಿ ನೆನೆಹಾಕುತ್ತಿದ್ದಳು, ಬೆಳಗ್ಗೆ ಸಿಪ್ಪೆ ಸುಲಿದು ಒರಳಲ್ಲಿ ಅರೆಯುತ್ತಿದ್ದಳು. ಅಪ್ಪನಿಗೆ ಇಪ್ಪತ್ತು, ನನಗೆ ಐದು. ನಾನು ಬೆಳೆದಂತೆ ಎಣಿಕೆ ಬದಲಾಯಿತು: ಹದಿನೈದು–ಹತ್ತು, ಹತ್ತು–ಹದಿನೈದು. ಒಟ್ಟು ಇಪ್ಪತ್ತೈದು ಮಾತ್ರ ಎಂದೂ ಮೀರಲಿಲ್ಲ. ಒಂದು ಬೆಳಗ್ಗೆ ಒಂದೇ ಲೋಟ ಅಡುಗೆಮನೆಯಿಂದ ಹೊರಗೆ ಬಂತು. ಅಪ್ಪ ಕುಸ್ತಿ ಬಿಟ್ಟದ್ದು ನಮ್ಮ ಮನೆಯಲ್ಲಿ ಗೊತ್ತಾದದ್ದು ಹೀಗೆ.

ಹದಿನಾರರಿಂದ ಇಪ್ಪತ್ತರವರೆಗೆ ಜಾತ್ರೆಗಳಲ್ಲಿ ಹಿಡಿದೆ. ಗೆದ್ದೆ, ಸೋತೆ, ಕೆಲವು ಸಲ ಕತ್ತಲಾಗಿ ಸಮ ಮಾಡಿ ಬಿಡಿಸಿದರು. ಇನಾಮು ಬಸ್ಸಿನ ಖರ್ಚು, ಹಾಲಿನ ಬಾಕಿ ಕಳೆದು ಮಿಗುತ್ತಿದ್ದುದು ಅಪರೂಪ. ನವರಾತ್ರಿಗೆ ಮೊದಲು ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮಾರ್ಗವಾಗಿ ಮೈಸೂರಿಗೆ ಹೋಗಿ ದಸರಾ ಕುಸ್ತಿಗೆ ಜೋಡಿ ಕಟ್ಟಿಸಿಕೊಂಡು ಬರುವುದೇ ವರ್ಷದ ದೊಡ್ಡ ಸಂಗತಿ. ದೇವರಾಜ ಅರಸು ಅಖಾಡದ ಮಣ್ಣಿಗೆ ಕಾಲಿಡುವಾಗ ಅಪ್ಪನ ಕೈ ನಡುಗಿದ್ದನ್ನು ಒಮ್ಮೆ ನೋಡಿದ್ದೇನೆ. ಇಳಿಯುತ್ತಿದ್ದವನು ನಾನು, ನಡುಗಿದ್ದು ಲಂಗೋಟಿ ಬಿಗಿಯುತ್ತಿದ್ದ ಅವನ ಕೈ.

ಇನ್ನು ಮ್ಯಾಟ್, ಅಂದರೆ ಒಲಿಂಪಿಕ್ಸ್‌ನಲ್ಲಿ ನಡೆಯುವಂಥ, ಮೆತ್ತನೆಯ ಹಾಸಿನ ಮೇಲಿನ ಕುಸ್ತಿ. ಇದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಪೈಲ್ವಾನರ ಮಕ್ಕಳು ಹೆಚ್ಚು ಎಡವುವುದು ಇಲ್ಲೇ.

2014ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ತರಬೇತಿ ಶಿಬಿರದಲ್ಲಿ ಮೊದಲ ಸಲ ಮ್ಯಾಟ್ ಮೇಲೆ ನಿಂತೆ. ಆ ವೇಳೆಗೆ ಹರಿಯಾಣದ ಹುಡುಗರು ಹತ್ತು ವರ್ಷ ಅದರ ಮೇಲೆ ಉರುಳಿರುತ್ತಾರೆ. ನಾಡಕುಸ್ತಿಯಲ್ಲಿ ಸೋಲು ಎಂದರೆ ಬೆನ್ನು ನೆಲಕ್ಕೆ ತಾಗುವುದು, ಚಿತ್ ಆಗುವುದು. ಹೊಟ್ಟೆ ಅಡಿಯಾಗಿ ಮಲಗಿದರೆ ಸೋಲಲ್ಲ, ಅದೊಂದು ಕೋಟೆ. ಮಂಡಿ ಊರಿ, ಗಲ್ಲ ಎದೆಗೆ ಒತ್ತಿ, ಮೇಲಿನವನು ದಣಿಯುವವರೆಗೆ ಕಾಯುವುದು ಅಪ್ಪ ನನಗೆ ಕಲಿಸಿದ ಅತಿ ದೊಡ್ಡ ವಿದ್ಯೆ. ಮಾರ್ಫಿಟ್ ಕುಸ್ತಿಯಲ್ಲಿ ಒಬ್ಬರು ಚಿತ್ ಆಗುವವರೆಗೆ ಬಿಡುವುದಿಲ್ಲ, ಅಲ್ಲಿ ತಾಳ್ಮೆಯೇ ಬಂಡವಾಳ. ಮ್ಯಾಟ್ ಮೇಲೆ ಇರುವುದು ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡ್ ವಿರಾಮ. ಎದುರಾಳಿ ನಿನ್ನನ್ನು ಕೆಳಕ್ಕೆ ಕೆಡವಿ ಹಿಡಿತ ಸಾಧಿಸಿದರೆ ಅವನಿಗೆ 2 ಅಂಕ. ವೃತ್ತದಿಂದ ನಿನ್ನ ಪಾದ ಹೊರಗೆ ಹೋದರೆ ಅವನಿಗೆ 1 ಅಂಕ. ಕಾಲು ಹಿಡಿಯಲೂ ಅವಕಾಶವಿರುವ ಫ್ರೀಸ್ಟೈಲ್‌ನಲ್ಲಿ 10 ಅಂಕಗಳ ಅಂತರವಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಸುಮ್ಮನೆ ಕಾಯುತ್ತಿದ್ದರೆ ರೆಫ್ರಿ ಎಚ್ಚರಿಸುತ್ತಾರೆ, ಆಮೇಲೆ ಮೂವತ್ತು ಸೆಕೆಂಡ್ ಗಡುವು ಕೊಡುತ್ತಾರೆ. ಅಷ್ಟರಲ್ಲಿ ಅಂಕ ಗಳಿಸದಿದ್ದರೆ ಎದುರಾಳಿಗೆ ಅಂಕ. ಅಂದರೆ ಅಪ್ಪನ ಕೋಟೆ ಅಲ್ಲಿ ಬಾಗಿಲು ತೆರೆದ ಮನೆ.

ನನ್ನ ಮೊದಲ ರಾಜ್ಯ ಮಟ್ಟದ ಸ್ಪರ್ಧೆಗೆ ಅಪ್ಪ ಬಂದಿದ್ದ. ಎದುರಾಳಿ ಕಾಲಿಗೆ ನುಗ್ಗಿದ. ನಾನು ಕಾಲು ಹಿಂದಕ್ಕೆ ಚಾಚಿ ಅವನ ಮೇಲೆ ಭಾರ ಹಾಕಬೇಕಿತ್ತು. ಅಷ್ಟರಲ್ಲಿ ಗ್ಯಾಲರಿಯಿಂದ ಅಪ್ಪನ ಧ್ವನಿ: “ಕೂತುಕೋ! ಕೆಳಗೆ ಕೂತುಕೋ!” ಹನ್ನೊಂದು ವರ್ಷ ಆ ಧ್ವನಿಗೆ ಒಗ್ಗಿದ ಮೈ. ಕೂತೆ. 2 ಅಂಕ. ಅವನು ನನ್ನ ಎರಡೂ ಕಣಕಾಲುಗಳನ್ನು ಕತ್ತರಿಯಂತೆ ಹೆಣೆದು ಒಂದೇ ಸಮನೆ ಉರುಳಿಸಿದ. ಒಂದೊಂದು ಉರುಳಿಗೆ 2 ಅಂಕ. ನಾಲ್ಕು ಉರುಳು. ಒಂದು ನಿಮಿಷದೊಳಗೆ 10–0. ನನ್ನ ಬೆನ್ನು ನೆಲಕ್ಕೆ ಒತ್ತಿರಲಿಲ್ಲ, ಅಪ್ಪನ ಲೆಕ್ಕದಲ್ಲಿ ನಾನಿನ್ನೂ ಸೋತಿರಲಿಲ್ಲ. ರೆಫ್ರಿ ಎದುರಾಳಿಯ ಕೈ ಎತ್ತಿದಾಗ ಅಪ್ಪ ಮೆಟ್ಟಿಲಿಳಿದು ಬಂದು “ಚಿತ್ ಆಗಿಲ್ಲವಲ್ಲ ಸ್ವಾಮಿ?” ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಜಗಳ ಇರಲಿಲ್ಲ. ತನ್ನ ಇಡೀ ಆಯುಷ್ಯದ ವಿದ್ಯೆ ಯಾವ ಗಳಿಗೆಯಲ್ಲಿ ಬೇರೆಯಾಯಿತೆಂದು ತಿಳಿಯದವನ ಗಾಬರಿ ಇತ್ತು. ನನಗೆ ನನ್ನ ಸೋಲಿಗಿಂತ ಅದೇ ಹೆಚ್ಚು ನೋಯಿಸಿತು.

ಅಂದು ರಾತ್ರಿ ಶಿಬಿರದ ತರಬೇತುದಾರರು ನನ್ನನ್ನು ಕೂರಿಸಿಕೊಂಡು ಖಾಶಾಬಾ ಜಾಧವರ ಕಥೆ ಹೇಳಿದರು. ಮಹಾರಾಷ್ಟ್ರದ ಕರಾಡ ಬಳಿಯ ಗೋಳೇಶ್ವರದವರು, ಅವರ ತಂದೆಯೂ ಹೆಸರಾಂತ ಪೈಲ್ವಾನ್. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೂ ಮ್ಯಾಟ್ ಹೊಸತು, ನಿಯಮಗಳೂ ಹೊಸವು. ಆರನೇ ಸ್ಥಾನ ಬಂತು. ನಾಲ್ಕು ವರ್ಷ ಪಟ್ಟು ಹಿಡಿದು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಒಲಿಂಪಿಕ್ ಪದಕ ಅದು. ಆ ಕಥೆ ಅಂದು ನನಗೆ ಬೇಕಾಗಿತ್ತು. ಮಣ್ಣಿನ ಪೈಲ್ವಾನನ ಮಗ ಮ್ಯಾಟ್ ಕಲಿಯಬಹುದು, ಆದರೆ ಅದಕ್ಕೆ ವರ್ಷಗಳು ಬೇಕು ಎಂಬುದಕ್ಕೆ ಸಾಕ್ಷಿ ಬೇಕಿತ್ತು.

ನಾನು ಮಾಡಿದ್ದು ಇಷ್ಟು. ಎರಡು ವರ್ಷ ಮಣ್ಣಿಗೆ ಇಳಿಯಲೇ ಇಲ್ಲ. ಕೆಳಗೆ ಕೂರುವ ಅಭ್ಯಾಸ ಬಿಡಿಸಲು ಸಂಗಾತಿಯೊಬ್ಬ ದಿನಕ್ಕೆ ನೂರು ಸಲ ಕಾಲಿಗೆ ನುಗ್ಗುತ್ತಿದ್ದ, ನಾನು ನೂರು ಸಲ ಕಾಲು ಹಿಂದಕ್ಕೆ ಎಸೆದು ಎದೆಯ ಭಾರವನ್ನು ಅವನ ಹೆಗಲಿಗೆ ಇಳಿಸುತ್ತಿದ್ದೆ. ಮನೆಗೆ ಬಂದಾಗ ಅಪ್ಪನನ್ನು ಮೊಬೈಲ್ ಮುಂದೆ ಕೂರಿಸಿ ಕುಸ್ತಿಗಳನ್ನು ತೋರಿಸುತ್ತಿದ್ದೆ. ಅವನು ಅಂಕಗಳನ್ನು ಬೆರಳಲ್ಲಿ ಎಣಿಸುತ್ತಿದ್ದ. ಮೂರನೇ ತಿಂಗಳು ಅವನೇ ಒಂದು ಸಂಗತಿ ಹಿಡಿದು ತೋರಿಸಿದ: “ಇವರು ಕಾಲಿಗೆ ಬರುವಾಗ ತಲೆ ಹೊರಗಿಡುತ್ತಾರೆ. ತೋಳು ಸಿಗುತ್ತದೆ. ಧೋಬಿ ಹಾಕಬಹುದು.” ಹೌದು, ಹಾಕಬಹುದಿತ್ತು. ಎದುರಾಳಿಯನ್ನು ನಿಂತಲ್ಲಿಂದ ಎಸೆದು ನೇರ ಬೆನ್ನಿಗೆ ಕೆಡವಿದರೆ ಮ್ಯಾಟ್‌ನಲ್ಲೂ 4 ಅಂಕ. 2017ರಲ್ಲಿ ರಾಜ್ಯ ಸ್ಪರ್ಧೆಯ 74 ಕೆ.ಜಿ. ವಿಭಾಗದಲ್ಲಿ ಕಂಚಿಗಾಗಿ ನಡೆದ ಕುಸ್ತಿಯನ್ನು ಗೆದ್ದದ್ದು ಆ ಒಂದು ಪಟ್ಟಿನಿಂದ. ಆ ದಿನ ಗ್ಯಾಲರಿಯಲ್ಲಿ ಅಪ್ಪ ಬಾಯಿ ಬಿಡಲಿಲ್ಲ, ಟವೆಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದ.

ಕಿವಿಯ ವಿಷಯ ಒಂದು ಮಾತು. ಮುರಿದ ಕಿವಿ ಪೈಲ್ವಾನನ ಗುರುತು ಎಂದು ನಮ್ಮಲ್ಲಿ ಹೆಮ್ಮೆ. ಅದು ಒಳಗೆ ರಕ್ತ ಕಟ್ಟಿ ಗಟ್ಟಿಯಾದ ಗಾಯ, ಬೇರೇನೂ ಅಲ್ಲ. ಊದಿಕೊಂಡ ದಿನವೇ ವೈದ್ಯರ ಬಳಿ ರಕ್ತ ತೆಗೆಸಿ, ಒತ್ತಿ ಕಟ್ಟಿಸಿಕೊಳ್ಳಬೇಕು. ನನ್ನ ಎಡಗಿವಿಯನ್ನು ಹೆಮ್ಮೆಗೆ ಬಿಟ್ಟುಕೊಟ್ಟೆ. ಹುಡುಗರ ಕಿವಿಯನ್ನು ಬಿಟ್ಟುಕೊಡುವುದಿಲ್ಲ.

ತೂಕ ಇಳಿಸುವುದು ಅಪ್ಪನಿಗೆ ಎಂದೂ ಒಪ್ಪಿಗೆಯಾಗಲಿಲ್ಲ. ನನ್ನ ಸಹಜ ತೂಕ 79. ಸ್ಪರ್ಧೆಗೆ ಮುನ್ನ ಅನ್ನ ಬಿಟ್ಟು, ನೀರು ಕಡಿಮೆ ಮಾಡಿ, ದಪ್ಪ ಜರ್ಸಿಯ ಮೇಲೆ ಜರ್ಸಿ ತೊಟ್ಟು ಓಡುತ್ತಿದ್ದೆ. ಒಮ್ಮೆ ಬೆಳಗಿನ ತೂಕದಲ್ಲಿ 300 ಗ್ರಾಂ ಹೆಚ್ಚು ಬಂತು. ನಲವತ್ತು ನಿಮಿಷ ಓಡಿ ಇಳಿಸಿದೆ, ಎರಡನೇ ಕುಸ್ತಿಯಲ್ಲಿ ಎರಡೂ ಮೀನಖಂಡ ಸೆಟೆದುಕೊಂಡು ನೆಲಕ್ಕೆ ಬಿದ್ದೆ. “ತಿಂದು ಬೆಳೆಸಿದ ಮೈಯನ್ನು ಹಿಂಡುವುದು ಯಾವ ವಿದ್ಯೆ?” ಎಂದು ಅಪ್ಪ ಬೈದ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್‌ನ ಬೆಳಗ್ಗೆ 100 ಗ್ರಾಂ ಹೆಚ್ಚಿದ್ದಾರೆಂದು ಅನರ್ಹರಾದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನಾವು ಮೂವರೂ ಮನೆಯಲ್ಲಿದ್ದೆವು. “ನೂರು ಗ್ರಾಂ ಎಂದರೆ ಎಷ್ಟು?” ಎಂದು ಅಪ್ಪ ಕೇಳಿದ. ಜೀವನವಿಡೀ ಕ್ವಿಂಟಾಲ್ ಹೊತ್ತವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಮ್ಮ ಎರಡು ನಿಂಬೆಹಣ್ಣು ತಂದು ಅವನ ಅಂಗೈಯಲ್ಲಿಟ್ಟಳು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ.

ಆ ಹೊತ್ತಿಗೆ ನನ್ನ ಕುಸ್ತಿ ಮುಗಿದು ಮೂರು ವರ್ಷವಾಗಿತ್ತು. 2021ರಲ್ಲಿ ಅಭ್ಯಾಸದ ವೇಳೆ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಯ ನಂತರ ನಡೆಯಬಹುದು, ಓಡಬಹುದು, ಧೋಬಿ ಹಾಕಲು ಪಾದ ತಿರುಗಿಸಲಾಗದು. ಈಗ ಅಂತರಸನಹಳ್ಳಿ ಮಾರುಕಟ್ಟೆಯ ತರಕಾರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಗರಡಿಯಲ್ಲಿ ಹನ್ನೆರಡು ಹುಡುಗರಿಗೆ ಕಲಿಸುತ್ತೇನೆ. ವಾರದಲ್ಲಿ ಮೂರು ದಿನ ಮಣ್ಣು, ಮೂರು ದಿನ ಚಂದಾ ಎತ್ತಿ ತಂದ ಹಳೆಯ ಮ್ಯಾಟ್. ಎರಡನ್ನೂ ಒಂದೇ ವಯಸ್ಸಿನಲ್ಲಿ ಕಲಿಯಬೇಕು, ಒಂದರ ನಂತರ ಒಂದಲ್ಲ.

ಹೋದ ಬೇಸಿಗೆಯಲ್ಲಿ ಗುಬ್ಬಿ ಕಡೆಯ ಜಾತ್ರೆಯೊಂದರಲ್ಲಿ ಜೋಡಿ ಕಟ್ಟಲು ನನ್ನನ್ನೂ ಕರೆದಿದ್ದರು. ಹದಿಮೂರು ವರ್ಷದ ಹುಡುಗನೊಬ್ಬ ಬಂದು ನಿಂತ. ಅವನ ಅಪ್ಪನೊಂದಿಗೆ ನಾನೇ ಒಮ್ಮೆ ಮುಕ್ಕಾಲು ಗಂಟೆ ಹಿಡಿದು ಸಮ ಮಾಡಿಕೊಂಡಿದ್ದೆ. ಹಿರಿಯರೊಬ್ಬರು “ಇವನು ಯಾರ ಮಗ ಗೊತ್ತಲ್ಲ, ಆ ಎತ್ತರದವನಿಗೆ ಕೊಡಿ” ಎಂದರು. ಪಕ್ಕದ ದಿನಸಿ ಅಂಗಡಿಯಿಂದ ತೂಕದ ಯಂತ್ರ ತರಿಸಿದೆ. ಎತ್ತರದವನು 51, ಇವನು 42. ಇನ್ನೊಬ್ಬ ಹುಡುಗ 43 ಇದ್ದ, ಅವನ ಕೈಗೆ ಇವನ ಕೈ ಕೊಟ್ಟೆ. ಹುಡುಗನ ಹೆಸರನ್ನು ಚೀಟಿಯಲ್ಲಿ ಬರೆದು ಮೈಕ್ ಹಿಡಿದವರಿಗೆ ಕೊಟ್ಟಾಗ “ತಂದೆಯ ಹೆಸರು ಬರೆದಿಲ್ಲವಲ್ಲ?” ಎಂದರು.

“ಬೇಡ ಅಣ್ಣ, ಇಷ್ಟೇ ಕೂಗಿ.”

ಧ್ವನಿವರ್ಧಕದಲ್ಲಿ ತನ್ನ ಹೆಸರು ಕೇಳಿ ಹುಡುಗ ಒಮ್ಮೆ ತಲೆ ಎತ್ತಿದ. ಆಮೇಲೆ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಇಳಿದ.