ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಇರಲಿ

“ಕೊನೆಯ ಸಲ ಮುಟ್ಟಾಗಿದ್ದು ಯಾವಾಗ?” ಹೊಟ್ಟೆನೋವು, ಬಿಳಿಮುಟ್ಟು, ಬಸಿರು, ಏನೇ ವಿಷಯಕ್ಕೆ ಹೋದರೂ ಡಾಕ್ಟರ್ ಮೊದಲು ಕೇಳುವುದು ಇದನ್ನೇ. “ಹೋದ ತಿಂಗಳು... ಹತ್ತೋ ಹನ್ನೆರಡೋ ಇರಬೇಕು” ಅಂತ ಬಹಳ ಜನ ತಡವರಿಸುತ್ತಾರೆ. ನೂರೆಂಟು ಕೆಲಸಗಳ ನಡುವೆ ತಾರೀಖು ಮರೆತುಹೋಗುವುದು ಸಹಜ. ಆದರೆ ಬಸಿರು ಎಷ್ಟು ವಾರದ್ದು, ಯಾವ ಪರೀಕ್ಷೆ ಯಾವಾಗ, ಹೆರಿಗೆ ಯಾವಾಗ ಎಂಬ ಲೆಕ್ಕವೆಲ್ಲ ಶುರುವಾಗುವುದು ಆ ತಾರೀಖಿನಿಂದಲೇ.

ಇದಕ್ಕೆ ದುಬಾರಿ ಫೋನ್ ಬೇಕಿಲ್ಲ. ಕ್ಯಾಲೆಂಡರ್, ಅಲಾರಂ, ಕರೆ, ಈ ಮೂರಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಫೋನ್ ನೆನಪಿಟ್ಟುಕೊಳ್ಳುತ್ತದೆ, ಸಮಯಕ್ಕೆ ಎಚ್ಚರಿಸುತ್ತದೆ, ಗೊತ್ತಿರುವವರ ಜೊತೆ ಮಾತಾಡಿಸುತ್ತದೆ. ಕಾಯಿಲೆ ಏನೆಂದು ಹೇಳುವ ಕೆಲಸವನ್ನು ಮಾತ್ರ ಅದಕ್ಕೆ ಬಿಡಬೇಡಿ.

ಹಂತ 1: ಫೋನ್ ಯಾರ ಕೈಗೆಲ್ಲ ಹೋಗುತ್ತದೆ, ಯೋಚಿಸಿ

ಆ್ಯಪ್ ಹಾಕಿಕೊಳ್ಳುವುದಕ್ಕೆ ಮೊದಲು ಈ ಕೆಲಸ ಮಾಡಿ. ಎಷ್ಟೋ ಮನೆಗಳಲ್ಲಿ ಒಂದೇ ಫೋನನ್ನು ನಾಲ್ಕು ಜನ ಬಳಸುತ್ತಾರೆ. ಮುಟ್ಟು, ಗರ್ಭನಿರೋಧಕ, ಗರ್ಭಪಾತ, ಇವು ನಿಮ್ಮ ಸ್ವಂತ ವಿಷಯ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದನ್ನು ನೀವೇ ತೀರ್ಮಾನಿಸಬೇಕು.

ಫೋನಿಗೆ ಲಾಕ್ ಹಾಕಿ. ಲಾಕ್ ಆಗಿರುವಾಗಲೂ ಪರದೆಯ ಮೇಲೆ ಮೆಸೇಜು ಕಾಣುವಂತಿದ್ದರೆ, ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ವಿಭಾಗದಲ್ಲಿ ಅದನ್ನು ನಿಲ್ಲಿಸಿ. ವಾಟ್ಸಾಪ್‌ನಲ್ಲಿ ಮೆಸೇಜು 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ತಾನಾಗಿಯೇ ಅಳಿಸಿಹೋಗುವ ಹಾಗೆ ಮಾಡಬಹುದು. ಒಂದೊಂದು ಚಾಟಿಗೆ ಬೇರೆಯಾಗಿ ಲಾಕ್ ಹಾಕುವ ಸೌಲಭ್ಯವೂ ಇದೆ.

ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದೆ. ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ತೆಗೆದರೆ ಅದು ಆನ್‌ಲೈನ್ ಬ್ಯಾಕಪ್‌ಗೆ ಹೋಗಬಹುದು. ಅದೇ ಖಾತೆ ಗಂಡನ ಫೋನಿನಲ್ಲೋ ಮಕ್ಕಳ ಟ್ಯಾಬಿನಲ್ಲೋ ಇದ್ದರೆ ಫೋಟೋ ಅಲ್ಲೂ ಕಾಣುತ್ತದೆ. ನಿಮ್ಮ ಫೋನು ಯಾವ ಖಾತೆಯಲ್ಲಿ ಲಾಗಿನ್ ಆಗಿದೆ, ಅದು ಬೇರೆ ಎಲ್ಲೆಲ್ಲಿ ತೆರೆದಿದೆ, ಒಮ್ಮೆ ನೋಡಿ.

ಮನೆಯಲ್ಲಿ ಹೊಡೆತ ಬಡಿತದ ಭಯ ಇದ್ದರೆ ಫೋನಿನಲ್ಲಿ ಏನನ್ನೂ ಬರೆದಿಡದೆ ಇರುವುದೇ ಒಳ್ಳೆಯದು. ಆಸ್ಪತ್ರೆಯ ನಂಬರನ್ನು ನಂಬಿಕೆಯ ಗೆಳತಿಯ ಹತ್ತಿರ ಇರಿಸಿ. ಅವಳ ಫೋನಿನಿಂದಲೇ ಕರೆ ಮಾಡಿ.

ಹಂತ 2: ತಾರೀಖು ಗುರುತು ಮಾಡಿ

ರಕ್ತಸ್ರಾವ ಶುರುವಾದ ದಿನವೇ ಒಂದನೇ ದಿನ. ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ. “ಪಿರಿಯಡ್ಸ್” ಅಂತಲೇ ಬರೆಯಬೇಕಾಗಿಲ್ಲ, ನಿಮಗೆ ಮಾತ್ರ ತಿಳಿಯುವ ಒಂದು ಚುಕ್ಕಿ ಸಾಕು. ನಿಂತ ದಿನವನ್ನೂ ಗುರುತಿಸಿ. ದಿನಕ್ಕೆ ಎಷ್ಟು ಪ್ಯಾಡು ಬೇಕಾಯಿತು, ನೋವು ಎಷ್ಟಿತ್ತು ಅಂತ ಒಂದೆರಡು ಪದ ಸೇರಿಸಿದರೆ ಡಾಕ್ಟರ್‌ಗೆ ಜಾಸ್ತಿ ಉಪಯೋಗ.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಿ. ದೊಡ್ಡವರಲ್ಲಿ 21ರಿಂದ 35 ದಿನ ಬಂದರೆ ಸಾಮಾನ್ಯ. “28 ದಿನಕ್ಕೇ ಆಗಬೇಕು” ಅನ್ನುವ ಆತಂಕ ಸುಮ್ನೆ. ಆದರೆ 21 ದಿನಕ್ಕೂ ಮೊದಲೇ ಮತ್ತೆ ಮತ್ತೆ ಆಗುತ್ತಿದ್ದರೆ, ರಕ್ತಸ್ರಾವ 7 ದಿನ ದಾಟಿದರೆ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ, ಬಸಿರಿಲ್ಲದೆಯೂ ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರ್‌ಗೆ ತೋರಿಸಿ. ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು.

ಬಸಿರಾದರೆ ಇದೇ ಗುರುತು ಹೆರಿಗೆಯ ಲೆಕ್ಕಕ್ಕೂ ಬರುತ್ತದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಸೇರಿಸಿ. ಆ ದಿನ ಮಾರ್ಚ್ 10 ಆಗಿದ್ದರೆ ಡಿಸೆಂಬರ್ 15 ಬರುತ್ತದೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಕಡಿಮೆ. ಮುಟ್ಟು ಏರುಪೇರಾಗುವವರಿಗೆ ಸ್ಕ್ಯಾನಿಂಗ್ ಹೇಳುವ ತಾರೀಖೇ ಹೆಚ್ಚು ಸರಿ.

ಹಂತ 3: ಆ್ಯಪ್ ಬೇಕೇ?

ಬೇಕೆಂದರೆ ಹಾಕಿಕೊಳ್ಳಿ. ಆದರೆ ಅದು ಬಣ್ಣ ಹಾಕಿ ತೋರಿಸುವ “ಸುರಕ್ಷಿತ ದಿನ”ಗಳನ್ನು ನಂಬಿ ಗರ್ಭನಿರೋಧಕ ಬಿಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅಂಡಾಣು ಬಿಡುಗಡೆ ಆಗುವುದು ಆ್ಯಪ್‌ಗೆ ಕಾಣುವುದಿಲ್ಲ. ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಅದು ಅಂದಾಜು ಮಾಡುತ್ತದೆ, ಅಷ್ಟೇ. ಜ್ವರ, ಒತ್ತಡ, ಮಗುವಿಗೆ ಹಾಲುಣಿಸುವುದು, ಯಾವುದರಿಂದಲಾದರೂ ಆ ದಿನ ಹಿಂದೆ ಮುಂದೆ ಆಗಬಹುದು.

ಗರ್ಭನಿರೋಧಕವೆಂದೇ ಒಪ್ಪಿಗೆ ಪಡೆದ ಆ್ಯಪ್‌ಗಳೂ ಇವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ನ್ಯಾಚುರಲ್ ಸೈಕಲ್ಸ್ ಎಂಬ ಆ್ಯಪ್‌ಗೆ ಅನುಮತಿ ಕೊಟ್ಟಿತು. ಅದು ಬರೀ ತಾರೀಖು ನೋಡುವುದಿಲ್ಲ, ಬೆಳಗ್ಗೆ ಎದ್ದ ಕೂಡಲೇ ಮೈಯ ಬಿಸಿ ಅಳೆದು ದಾಖಲಿಸಬೇಕು. ಹಾಗಿದ್ದರೂ ಸಾಮಾನ್ಯ ಬಳಕೆಯಲ್ಲಿ ಅದು ವಿಫಲವಾಗುವ ಪ್ರಮಾಣ ವರ್ಷಕ್ಕೆ ಶೇ. 6.5 ಎಂದು ಎಫ್‌ಡಿಎ ಹೇಳಿತ್ತು. ಅಂದರೆ 100 ಜನ ಒಂದು ವರ್ಷ ಬಳಸಿದರೆ ಆರೇಳು ಮಂದಿ ಬಸಿರಾಗಬಹುದು. ತಾರೀಖನ್ನಷ್ಟೇ ನೋಡುವ ಉಚಿತ ಆ್ಯಪ್ ಮೇಲೆ ಎಷ್ಟು ಭರವಸೆ ಇಡಬಹುದು, ನೀವೇ ಯೋಚಿಸಿ.

ಮಾಹಿತಿ ಸೋರಿಕೆಯೂ ಸಣ್ಣ ವಿಷಯವಲ್ಲ. ಬಳಕೆದಾರರ ಆರೋಗ್ಯದ ವಿವರಗಳನ್ನು ಬೇರೆ ಕಂಪನಿಗಳಿಗೆ ಕೊಟ್ಟ ಆರೋಪದ ಮೇಲೆ ಫ್ಲೋ ಎಂಬ ಮುಟ್ಟಿನ ಆ್ಯಪ್ 2021ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಳ್ಳಬೇಕಾಯಿತು. ಯಾವುದೇ ಆ್ಯಪ್ ಕಾಂಟ್ಯಾಕ್ಟ್ಸ್, ಲೊಕೇಶನ್ ಕೇಳಿದರೆ ಕೊಡಬೇಡಿ. ಮುಟ್ಟಿನ ದಿನ ಎಣಿಸಲು ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗಬೇಕಿಲ್ಲ, ಅಲ್ವಾ?

ಹಂತ 4: ಅಲಾರಂ ಇಡಿ

ದಿನಾ ತಗೊಳ್ಳುವ ಗರ್ಭನಿರೋಧಕ ಮಾತ್ರೆಗೆ ಒಂದೇ ಹೊತ್ತಿನ ಅಲಾರಂ. ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದಿಗೆ, ಆ ದಿನದ ಜೊತೆಗೆ ಒಂದು ವಾರ ಮೊದಲೂ ಒಂದು. ಕಾಪರ್ ಟಿ ಹಾಕಿಸಿದ್ದರೆ ಅದನ್ನು ಬದಲಿಸಬೇಕಾದ ವರ್ಷವನ್ನು ಈಗಲೇ ಕ್ಯಾಲೆಂಡರಿಗೆ ಸೇರಿಸಿ.

ಎರಡು ಹಾರ್ಮೋನುಗಳ ಸಾಮಾನ್ಯ ಮಾತ್ರೆಯಲ್ಲಿ ಒಂದು ತಪ್ಪಿದರೆ ನೆನಪಾದ ಕೂಡಲೇ ತಗೊಳ್ಳಿ, ಅದೇ ದಿನ ಎರಡು ಆದರೂ ಪರವಾಗಿಲ್ಲ. ಎರಡು ಅಥವಾ ಹೆಚ್ಚು ತಪ್ಪಿದ್ದರೆ ಮಾತ್ರೆ ಮುಂದುವರಿಸುತ್ತಾ 7 ದಿನ ಕಾಂಡೋಮ್ ಬಳಸಿ, ನರ್ಸ್‌ಗೆ ಫೋನ್ ಮಾಡಿ ಕೇಳಿ. ತುರ್ತು ಗರ್ಭನಿರೋಧಕ ಮಾತ್ರೆಗೆ 5 ದಿನ, ಅಂದರೆ 120 ಗಂಟೆ ಅವಕಾಶ ಇದೆ. ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು.

ಬಸಿರಿನಲ್ಲಿ ಕನಿಷ್ಠ 8 ಸಲ ತಪಾಸಣೆ ಆಗಬೇಕು, ಮೊದಲನೆಯದು 12 ವಾರದೊಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿದೆ. ತಪಾಸಣೆ ಮುಗಿಸಿ ಹೊರಡುವ ಮುನ್ನವೇ ಮುಂದಿನ ತಾರೀಖನ್ನು ಫೋನಿಗೆ ಹಾಕಿ. ಆಸ್ಪತ್ರೆ ಕಾರ್ಡಿನ ಪ್ರತಿ ಪುಟದ ಫೋಟೋ ತೆಗೆಯಿರಿ. ರಕ್ತದ ಗುಂಪು, ಬಿಪಿ, ಹಿಮೋಗ್ಲೋಬಿನ್ ಇರುವ ಪುಟವಂತೂ ಇರಲೇಬೇಕು.

ಹಂತ 5: ತುರ್ತಿಗೆ ಮೆಸೇಜು ಬೇಡ, ಕರೆ ಮಾಡಿ

ಆಸ್ಪತ್ರೆ, ಆಂಬುಲೆನ್ಸ್, ರಾತ್ರಿ ಹೊತ್ತು ಗಾಡಿ ತರಬಲ್ಲ ಒಬ್ಬರು, ಜೊತೆಗೆ ಬರುವ ಒಬ್ಬರು. ಈ ನಂಬರುಗಳು ಫೋನಿನಲ್ಲೂ ಇರಲಿ, ಗೋಡೆಯ ಮೇಲೂ ಇರಲಿ. ಚಾರ್ಜ್ ಖಾಲಿ ಆದಾಗ ಗೋಡೆಯೇ ಗತಿ.

ಬಸಿರಿನಲ್ಲಿ ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜೋರು ಹೊಟ್ಟೆನೋವು, ಜ್ವರ, ನೀರು ಹೋಗುವುದು, ಮಗುವಿನ ಓಡಾಟ ಕಡಿಮೆ ಆಗುವುದು ಅಪಾಯದ ಸೂಚನೆಗಳು. ಮನೆಯಲ್ಲಿ ಬಿಪಿ ನೋಡುವವರಿಗೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೂ ಅಷ್ಟೇ. “ಡಾಕ್ಟರ್ ಮೆಸೇಜ್ ನೋಡಿದರಾ” ಅಂತ ಕಾಯುತ್ತಾ ಕೂರಬೇಡಿ, ಕರೆ ಮಾಡಿ, ಹೊರಡಿ. ಅಪಾಯ ಹೆರಿಗೆಯ ಜೊತೆಗೇ ಮುಗಿಯುವುದಿಲ್ಲ. ಬಾಣಂತಿಗೆ ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ ಅದು ತುರ್ತು. ತಲೆನೋವು, ಜ್ವರಗಳ ಮೇಲೆ ಆರು ವಾರ ಕಣ್ಣಿಡಿ.

ಹಂತ 6: ಮೆಸೇಜು, ಧ್ವನಿ ಕರೆಗಳಿಗೆ ಸೇರಿ

ಬಸಿರಿನ ವಾರಕ್ಕೆ ತಕ್ಕಂತೆ ಮಾಹಿತಿ ಕಳಿಸುವ ಸರ್ಕಾರಿ ಸೇವೆಗಳು ಹಲವು ದೇಶಗಳಲ್ಲಿವೆ. ದಕ್ಷಿಣ ಆಫ್ರಿಕಾದ ಮಾಮ್‌ಕನೆಕ್ಟ್ 2014ರಲ್ಲಿ ಉಚಿತ ಎಸ್‌ಎಂಎಸ್‌ಗಳಿಂದ ಶುರುವಾಯಿತು. ಭಾರತದ ಕಿಲ್ಕಾರಿ ವಾರಕ್ಕೊಮ್ಮೆ ಧ್ವನಿ ಕರೆ ಮಾಡುತ್ತದೆ, ನಾಲ್ಕನೇ ತಿಂಗಳಿಂದ ಮಗುವಿಗೆ ಒಂದು ವರ್ಷ ಆಗುವವರೆಗೆ ಒಟ್ಟು 72. ಧ್ವನಿ ಆದ್ದರಿಂದ ಓದಲು ಬಾರದವರಿಗೂ ತಲುಪುತ್ತದೆ. ಸೇರುವಾಗ ನಿಮ್ಮದೇ ನಂಬರ್ ಕೊಡಿ. ಗಂಡನ ನಂಬರ್ ಕೊಟ್ಟರೆ ಅವರು ಕೆಲಸದಲ್ಲಿರುವಾಗ ಕರೆ ಬಂದು, ವಿಷಯ ನಿಮ್ಮವರೆಗೆ ಬರುವುದೇ ಇಲ್ಲ.

ಆರೋಗ್ಯ ಕಾರ್ಯಕರ್ತೆಯರಿಗೆ ಇಲ್ಲೊಂದು ಮನವಿ. ಯಾವ ಹೊತ್ತಿಗೆ ಕರೆ ಮಾಡಲಿ, ಬೇರೆ ಯಾರಾದರೂ ಫೋನ್ ತೆಗೆದರೆ ಏನು ಹೇಳಲಿ ಅಂತ ಮೊದಲೇ ಕೇಳಿಕೊಳ್ಳಿ. ಯಾರದೇ ರಿಪೋರ್ಟನ್ನು ಗುಂಪಿಗೆ ಹಾಕಬೇಡಿ, ಹೆಸರು ಮುಚ್ಚಿದ್ದರೂ ಬೇಡ.

ಬಸಿರು ನಿಲ್ಲದೆ ಹೋದರೆ

ಈ ಮಾತನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಗರ್ಭಪಾತವಾದ ಮೇಲೂ, ಮಗು ಹೊಟ್ಟೆಯಲ್ಲೇ ತೀರಿಕೊಂಡ ಮೇಲೂ “ಈ ವಾರ ನಿಮ್ಮ ಮಗು ಇಷ್ಟು ಬೆಳೆದಿದೆ” ಎಂಬ ಮೆಸೇಜು ಬರುತ್ತಲೇ ಇರುತ್ತದೆ. ಯಂತ್ರಕ್ಕೆ ಆದದ್ದು ತಿಳಿಯುವುದಿಲ್ಲ, ಯಾರಾದರೂ ತಿಳಿಸಬೇಕು. ಆ ಹೆಂಗಸಿಗೆ ಆಗ ಅಷ್ಟು ಚೈತನ್ಯ ಇರುವುದಿಲ್ಲ. ಅಕ್ಕ, ಗೆಳತಿ, ಗಂಡ, ಯಾರಾದರೊಬ್ಬರು ಅವಳನ್ನು ಕೇಳಿ, ಅವಳು ಒಪ್ಪಿದರೆ ಇಷ್ಟು ಮಾಡಿಕೊಡಿ. ಸಂದೇಶ ಸೇವೆಯನ್ನು ನಿಲ್ಲಿಸಿ. ಆ್ಯಪ್‌ನಲ್ಲಿ ಬಸಿರು ಮುಗಿದಿದೆ ಎಂದು ದಾಖಲಿಸಿ, ಆಯ್ಕೆ ಸಿಗದಿದ್ದರೆ ಖಾತೆ ಅಳಿಸಿ. ಕ್ಯಾಲೆಂಡರಿನ ತಪಾಸಣೆ ತಾರೀಖುಗಳನ್ನೂ ಹೆರಿಗೆಯ ದಿನವನ್ನೂ ತೆಗೆಯಿರಿ. ಸ್ಕ್ಯಾನಿಂಗ್ ಫೋಟೋಗಳನ್ನು ಮಾತ್ರ ಅಳಿಸಬೇಡಿ. ಅವು ಇರಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಲಿ, ಎಷ್ಟು ದಿನ ಬಿಟ್ಟಾದರೂ ಸರಿ. ಮರುತಪಾಸಣೆಯ ಒಂದು ತಾರೀಖು ಮಾತ್ರ ಕ್ಯಾಲೆಂಡರಿನಲ್ಲಿ ಉಳಿಯಲಿ, ಆ ದಿನ ಜೊತೆಗೆ ಹೋಗಿ.