ಕಾಯಿಲ್‌ಗೆ ಅಂಟಿದ ಬಿಳಿ ಪದರ ನಿಂಬೆಹುಳಿಗೆ ಬಿಟ್ಟಿತು

ವಿಜಯಪುರದ ನಮ್ಮ ಮನೆಗೆ ಬೋರ್‌ವೆಲ್ ನೀರು. ತುಂಬಾ ಗಡಸು. ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪದರ ದಪ್ಪಗೆ ಕಟ್ಟಿ, ಒಂದು ಬಕೆಟ್ ಬಿಸಿಯಾಗಲು ಹೊತ್ತೋ ಹೊತ್ತು. ಕರೆಂಟ್ ಸುಮ್ನೆ ಹಾಳು. ಹೊಸದು ತರಲು ಮನೆಯವರು ಹೊರಟಿದ್ದರು, ನಾನೇ ತಡೆದೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತವೆ. ನೀರು ಕಾದಾಗ ಅವು ಕಲ್ಲಿನಂತೆ ಗಟ್ಟಿಯಾಗಿ ಅಂಟುತ್ತವೆ. ಹುಳಿ ಅದನ್ನು ಕರಗಿಸುತ್ತದೆ. ಇಂಡಿ ನಿಂಬೆಹಣ್ಣು ಸಿಗುವ ಜಿಲ್ಲೆಯಲ್ಲಿ ಹುಳಿಗೇನು ಕೊರತೆ, ಅಲ್ವಾ? ಪಕ್ಕದ ಮನೆ ವೈನಿ ಮೆತ್ತಗಾದ ಹಣ್ಣುಗಳನ್ನು ಕೊಟ್ಟರು. ಶರಬತ್ತಿಗೆ ಹಿಂಡಿದ ಸಿಪ್ಪೆ ನಮ್ಮಲ್ಲೇ ಇತ್ತು.

ಎಲ್ಲವನ್ನೂ ಸ್ಟೀಲ್ ಪಾತ್ರೆಯಲ್ಲಿ ಸ್ವಲ್ಪವೇ ನೀರು ಹಾಕಿ ಕುದಿಸಿ ಸೋಸಿದೆ. ನೀರು ಜಾಸ್ತಿಯಾದರೆ ಹುಳಿ ಸಾಲದು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನೂ ತಿನ್ನುತ್ತದೆ. ಪ್ಲಗ್ ತೆಗೆದು, ಆರಿದ ಕಾಯಿಲ್‌ನ ಸುರುಳಿ ಮಾತ್ರ ಅದರಲ್ಲಿ ಮುಳುಗಿಸಿದೆ. ಹಿಡಿ, ವೈರು ಒದ್ದೆಯಾಗಲೇಬಾರದು. ಸಣ್ಣ ಗುಳ್ಳೆಗಳು ಎದ್ದವು. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದರೆ ಹೊಪ್ಪಳಿಕೆಯಾಗಿ ಕಿತ್ತು ಬಂತು. ಉಳಿದ ಕಡೆ ಇನ್ನೊಮ್ಮೆ ನೆನೆಸಿದೆ. ಚಾಕುವಿನಿಂದ ಕೆರೆಯಬೇಡಿ, ಕೊಳವೆ ಸೀಳಿದರೆ ಶಾಕ್ ಹೊಡೆಯುತ್ತದೆ.

ಈಗ ನೀರು ಬೇಗ ಕಾಯುತ್ತಿದೆ. ತೂತು ಕಟ್ಟಿಕೊಂಡಿದ್ದ ಶವರ್ ತಟ್ಟೆಯನ್ನೂ ಉಳಿದ ಹುಳಿನೀರಲ್ಲಿ ನೆನೆಹಾಕಿದೆ. ಬಚ್ಚಲಿಗೆ ಶಹಾಬಾದ್ ಕಲ್ಲು ಹಾಕಿಸಿದ್ದರೆ ಮಾತ್ರ ಈ ನೀರು ಅಲ್ಲಿ ಚೆಲ್ಲಬೇಡಿ. ಅದೂ ಸುಣ್ಣದ ಕಲ್ಲೇ, ಹುಳಿ ಅದನ್ನೂ ತಿಂದು ಕಲೆ ಬೀಳುತ್ತದೆ.