ಥೀಮ್ ಪಾರ್ಕಿನಲ್ಲಿ ಕ್ಯೂ ತಪ್ಪಿಸಿಕೊಳ್ಳುವ ಲೆಕ್ಕ

ಕ್ಯೂ ಉದ್ದ ಕಂಡ ತಕ್ಷಣ ಹಿಂದಕ್ಕೆ ಬರಬೇಡಿ, ಚಿಕ್ಕದಿದೆ ಎಂದು ನುಗ್ಗಲೂಬೇಡಿ. ಆ ರೈಡ್ ಗಂಟೆಗೆ ಎಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ ಎನ್ನುವುದೇ ಮುಖ್ಯ. 24 ಸೀಟಿನ ರೋಲರ್ ಕೋಸ್ಟರ್ ಎರಡು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 720 ಜನ. ನಾಲ್ಕು ನಿಮಿಷಕ್ಕೊಮ್ಮೆ ಹೊರಟರೆ 360 ಮಾತ್ರ. ನಿಮ್ಮ ಮುಂದೆ 180 ಜನ ಇದ್ದರೆ ಮೊದಲನೆಯದಕ್ಕೆ ಕಾಲು ಗಂಟೆ ಕಾಯಬೇಕು, ಎರಡನೆಯದಕ್ಕೆ ಅರ್ಧ ಗಂಟೆ. ಸಾಲಿನ ಉದ್ದ ಎರಡಕ್ಕೂ ಒಂದೇ!

ಅಳೆಯುವುದು ಸುಲಭ. ರೈಡ್ ಕಾಣುವ ಕಡೆ ನಿಂತು, ಒಂದು ಗಾಡಿ ಹೊರಟಾಗಿನಿಂದ ಮುಂದಿನದು ಹೊರಡುವವರೆಗಿನ ಸಮಯವನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. ತುಂಬಿದ ಸೀಟುಗಳನ್ನು ಮಾತ್ರ ಎಣಿಸಿ. ಎಕ್ಸ್‌ಪ್ರೆಸ್ ಪಾಸಿನವರು (ಹೆಚ್ಚು ದುಡ್ಡು ಕೊಟ್ಟು ಬೇರೆ ಚಿಕ್ಕ ಸಾಲಿನಲ್ಲಿ ಹೋಗುವವರು) ಪಕ್ಕದ ಬಾಗಿಲಿನಿಂದ ಬರುತ್ತಿದ್ದರೆ ಅವರು ಹಿಡಿದ ಸೀಟುಗಳನ್ನೂ ಕಳೆಯಬೇಕು. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ನಿಲ್ಲದೆ ಸಾಲಾಗಿ ಬರುತ್ತಲೇ ಇರುವ ಗಾಡಿ ಅಥವಾ ದೋಣಿಯ ರೈಡ್‌ಗಳಲ್ಲಿ ಕ್ಯೂ ಬೇಗ ಕರಗುತ್ತದೆ, ಅವನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳಿ. ಬೆಳಗಿನ ಹೊತ್ತನ್ನು ಕಡಿಮೆ ಸೀಟಿನ, ಹೆಸರುವಾಸಿ ರೈಡ್‌ಗಳಿಗೇ ಕೊಡಿ.

ದಿನ ಆರಿಸುವಾಗ ಶಾಲಾ ರಜೆ, ಹಬ್ಬ, ವಾರಾಂತ್ಯ ಬಿಟ್ಟು ವಾರದ ನಡುವಿನ ದಿನ ನೋಡಿ. ಆದರೆ ಜನ ಕಡಿಮೆ ಇರುವ ತಿಂಗಳುಗಳಲ್ಲೇ ರೈಡ್‌ಗಳನ್ನು ರಿಪೇರಿಗೆ ನಿಲ್ಲಿಸುವುದು ವಾಡಿಕೆ. ಮುಚ್ಚಿರುವ ರೈಡ್‌ಗಳ ಪಟ್ಟಿಯನ್ನು ಟಿಕೆಟ್ ತೆಗೆಯುವ ಮೊದಲೇ ನೋಡಿ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆದು, ಪಾರ್ಕಿನ ಆ್ಯಪ್ ಮನೆಯಲ್ಲೇ ಹಾಕಿಕೊಂಡು ಲಾಗಿನ್ ಆಗಿರಿ. ಪವರ್ ಬ್ಯಾಂಕ್ ಮರೆಯಬೇಡಿ.

ಗೇಟು ತೆರೆಯುವುದಕ್ಕೆ 30ರಿಂದ 45 ನಿಮಿಷ ಮುಂಚೆ ಗೇಟಿನ ಮುಂದೆ ನಿಂತಿರಬೇಕು. ಪಾರ್ಕಿಂಗ್ ಮುಗಿಸಿ, ಬ್ಯಾಗ್ ತಪಾಸಣೆ ದಾಟಿ ನಿಂತಿರಬೇಕು ಎಂದರ್ಥ. ಪಾರ್ಕಿಂಗಿಗೆ ಕಾಲಿಡುವ ಹೊತ್ತಲ್ಲ. ಒಳಗೆ ಹೋದವರಲ್ಲಿ ಬಹಳಷ್ಟು ಜನ ಮೊದಲು ಕಂಡ ರೈಡಿಗೇ ನಿಂತುಬಿಡುತ್ತಾರೆ. ನೀವು ನಿಲ್ಲದೆ ಹಿಂಬದಿಗೆ ನಡೆದು, ಅಲ್ಲಿಂದ ಮುಂದಕ್ಕೆ ಬನ್ನಿ. ಮೊದಲ ಒಂದೂವರೆ ಗಂಟೆಯಲ್ಲಿ ತಿಂಡಿ, ಫೋಟೋ, ಅಂಗಡಿ ಯಾವುದೂ ಬೇಡ. ಆ ಹೊತ್ತಿನಲ್ಲಿ ಹತ್ತಿದ ಮೂರು ರೈಡ್‌ಗಳಿಗೆ ಮಧ್ಯಾಹ್ನವಾದರೆ ಮೂರು ತಾಸು ಬೇಕಾದೀತು.

ಮಕ್ಕಳ ಎತ್ತರವನ್ನು ಮನೆಯಲ್ಲೇ, ಚಪ್ಪಲಿ ತೆಗೆಸಿ ಅಳೆಯಿರಿ. 120 ಸೆಂ.ಮೀ. ಬೇಕಾದ ಕಡೆ 118 ಇದ್ದರೆ ಸಿಬ್ಬಂದಿ ಬಿಡುವುದಿಲ್ಲ, ಬಿಡಲೂಬಾರದು. ಅರ್ಧ ಗಂಟೆ ಕಾದ ಮೇಲೆ ಮಗು ಅಳುತ್ತಾ ವಾಪಸು ಬರುವುದನ್ನು ನೋಡುವುದು ಯಾರಿಗೂ ಬೇಡ. ಚಿಕ್ಕ ಮಗು ಜೊತೆಗಿದ್ದರೆ ‘ರೈಡರ್ ಸ್ವಾಪ್’ ಇದೆಯೇ ಎಂದು ಕ್ಯೂ ಸೇರುವ ಮೊದಲೇ ಕೇಳಿ: ಒಬ್ಬರು ಹತ್ತಿ ಬಂದ ಮೇಲೆ ಮಗುವಿನ ಜೊತೆಗಿದ್ದವರು ಪೂರ್ತಿ ಕ್ಯೂ ನಿಲ್ಲದೆ ಹತ್ತಬಹುದು. ಜೊತೆಗೆ ಕೂರಲೇಬೇಕೆಂಬ ಹಟವಿಲ್ಲದಿದ್ದರೆ ‘ಸಿಂಗಲ್ ರೈಡರ್’ ಸಾಲು ಸಾಮಾನ್ಯವಾಗಿ ಬೇಗ ಸಾಗುತ್ತದೆ, ಏಕೆಂದರೆ ಗುಂಪುಗಳು ಬಿಟ್ಟ ಒಂಟಿ ಸೀಟು ಅದಕ್ಕೆ ಸಿಗುತ್ತದೆ. ಇಬ್ಬಿಬ್ಬರ ಸೀಟಿನ ರೈಡಿಗೆ ಜೋಡಿಗಳೇ ಬಂದರೆ ಮಾತ್ರ ಅದು ಅಲುಗುವುದೇ ಇಲ್ಲ.

ಊಟ 11 ಗಂಟೆಗೆ, ಇಲ್ಲವೇ 3ರ ಮೇಲೆ. ನೀರಿನ ರೈಡ್‌ಗಳಿಗೆ ಬಿಸಿಲೇರಿದಾಗ ಜನ ಮುಗಿಬೀಳುತ್ತಾರೆ. ಬೆಳಗ್ಗೆ ಹೋಗುವುದಾದರೆ ಒಣಬಟ್ಟೆ ಇಟ್ಟುಕೊಳ್ಳಿ. ಮೆರವಣಿಗೆ ಅಥವಾ ದೊಡ್ಡ ಶೋ ನಡೆಯುವಾಗ ದೂರದ ರೈಡ್‌ಗಳ ಕ್ಯೂ ಕುಗ್ಗುತ್ತದೆ. ಮಳೆ, ಸಿಡಿಲಿಗೆ ಹೊರಗಿನ ರೈಡ್‌ಗಳನ್ನು ನಿಲ್ಲಿಸಿದಾಗ ಜನ ಗೇಟಿನತ್ತ ಹೊರಡುತ್ತಾರೆ. ಆಗ ಹತ್ತಿರದ ಸೂರಿನಡಿ ಕಾದಿದ್ದು, ಮತ್ತೆ ಶುರುವಾದ ಕೂಡಲೇ ಹೋಗಿ.

ಎಕ್ಸ್‌ಪ್ರೆಸ್ ಪಾಸನ್ನು ಜನಜಂಗುಳಿಯ ದಿನಕ್ಕೆ ಮಾತ್ರ ಕೊಳ್ಳಿ. ನಿಮಗೆ ಬೇಕಾದ ರೈಡ್ ಅದರಲ್ಲಿ ಸೇರಿದೆಯೇ, ಒಂದೇ ಸಲವೇ, ಹಲವು ಸಲವೇ ಎಂದು ಓದಿ ನೋಡಿದ ಮೇಲೆಯೇ ದುಡ್ಡು ಕಟ್ಟಿ.

ಕೊನೆಯ ಗಂಟೆಯಲ್ಲಿ ಮಕ್ಕಳಿರುವ ಮನೆಯವರು ಹೊರಟಿರುತ್ತಾರೆ. ಮುಚ್ಚುವ ಹೊತ್ತಿಗೆ ಕ್ಯೂನಲ್ಲಿದ್ದವರನ್ನು ಹಲವು ಪಾರ್ಕುಗಳು ಹತ್ತಿಸಿಯೇ ಕಳಿಸುತ್ತವೆ. ಆ ನಿಯಮ ಅಲ್ಲಿದೆಯೇ ಎಂದು ಬೆಳಗ್ಗೆಯೇ ಸಿಬ್ಬಂದಿಯನ್ನು ಕೇಳಿಕೊಂಡು, ಮುಚ್ಚಲು ಹತ್ತು ನಿಮಿಷವಿರುವಾಗ ಅತಿ ಉದ್ದದ ಕ್ಯೂ ಸೇರಿ.